ಕೆರೆಗಳ ನಿರ್ವಹಣೆಯಲ್ಲಿ ಗ್ರಾಮ ಸಮುದಾಯದ ಸಹಭಾಗಿತ್ವ

ಕರ್ನಾಟಕ ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ಇವುಗಳಲ್ಲಿ ಬಹುಪಾಲು ಕೆರೆಗಳು ಮಳೆಗಾಲದ ಹರಿವನ್ನು ಹಿಡಿದಿಟ್ಟು ವ್ಯವಸಾಯಕ್ಕೆ, ಜಾನುವಾರುಗಳಿಗೆ ಹಾಗೂ ಬಾವಿಗಳ ಒರತೆಗೆ ಆಧಾರವಾಗಿವೆ. ಬಯಲುಸೀಮೆಯಲ್ಲಿ ಕೆರೆಗಳು ಒಂಟಿಯಾಗಿರುವುದು ವಿರಳ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಸೇರುವಂತೆ ಅವುಗಳನ್ನು ಸರಪಳಿಯಾಗಿ ಕಟ್ಟಲಾಗಿದೆ. ಆದ್ದರಿಂದ ಒಂದು ಊರಿನ ಪೋಷಕ ಕಾಲುವೆ ಒತ್ತುವರಿಯಾದಲ್ಲಿ ಅದರ ನಷ್ಟವನ್ನು ಬೇರೊಂದು ಊರು ಅನುಭವಿಸುತ್ತದೆ. ಕೆರೆಯ ನಿರ್ವಹಣೆ ಒಂದು ಗ್ರಾಮದ ಕೆಲಸವಾಗಿರುವಂತೆಯೇ ಇಡೀ ಜಲಾನಯನ ಪ್ರದೇಶದ ಕೆಲಸವೂ ಆಗಿರುವುದು ಈ ಕಾರಣದಿಂದ.

ಹಿಂದಿನ ವ್ಯವಸ್ಥೆ

ಕೆರೆಯನ್ನು ಕಟ್ಟಿಸಿದವರಿಗೆ ಹಾಗೂ ದುರಸ್ತಿ ಮಾಡಿಸಿದವರಿಗೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದ ಬಿತ್ತುವಟ್ಟ ಮತ್ತು ಕಟ್ಟುಕೊಡಗೆಗಳ ಉಲ್ಲೇಖ ಕನ್ನಡ ಶಾಸನಗಳಲ್ಲಿ ಹೇರಳವಾಗಿದೆ. ತೂಬನ್ನು ಎತ್ತಿ ಇಳಿಸುವ, ಕಾಲುವೆಯನ್ನು ಕಾಯುವ, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಹೊಣೆ ನೀರುಗಂಟಿಯದಾಗಿತ್ತು. ಅವನಿಗೆ ಇನಾಂ ಭೂಮಿ ಇಲ್ಲವೇ ಸುಗ್ಗಿಯಲ್ಲಿ ಕಾಳಿನ ಪಾಲು ಸಲ್ಲುತ್ತಿತ್ತು. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು 1961ರ ಅಧಿನಿಯಮದ ಮೂಲಕ ರದ್ದುಪಡಿಸಿದ ನಂತರ ಹಾಗೂ ಕೊಳವೆಬಾವಿಗಳು ಹೆಚ್ಚಿದ ನಂತರ ಈ ವ್ಯವಸ್ಥೆ ಸಡಿಲಗೊಂಡಿತು. ಹಳೆಯ ವ್ಯವಸ್ಥೆಯನ್ನು ಸಂಪೂರ್ಣ ನ್ಯಾಯಸಮ್ಮತವೆಂದು ಭಾವಿಸಬೇಕಾಗಿಲ್ಲ. ನೀರುಗಂಟಿಯ ದುಡಿಮೆಯಿಂದ ಲಾಭ ಪಡೆದವರು ಭೂಮಿಯುಳ್ಳವರೇ ಆಗಿದ್ದರು. ಆದರೆ ತೂಬಿನ ಹೊಣೆ ಯಾರದೆಂಬುದು ಅಂದು ಊರಿಗೆಲ್ಲ ತಿಳಿದಿತ್ತು.

ಕೆರೆ ಬಳಕೆದಾರರ ಸಂಘಗಳು

ಈ ಹೊಣೆಯನ್ನು ಗ್ರಾಮ ಸಮುದಾಯಕ್ಕೆ ಮರಳಿ ವಹಿಸುವ ಉದ್ದೇಶದಿಂದ ರಾಜ್ಯ ಸರ್ಕಾರವು ಜಲ ಸಂವರ್ಧನೆ ಯೋಜನಾ ಸಂಘವನ್ನು ಸ್ಥಾಪಿಸಿ, 2002ರಲ್ಲಿ ವಿಶ್ವಬ್ಯಾಂಕ್ ನೆರವಿನ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯನ್ನು ಆರಂಭಿಸಿತು. ಕೋಲಾರ, ತುಮಕೂರು, ಚಿತ್ರದುರ್ಗ ಮೊದಲಾದ ಜಿಲ್ಲೆಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ರಚಿಸಲಾಯಿತು. ಏರಿಯ ಭದ್ರತೆ, ತೂಬಿನ ದುರಸ್ತಿ, ಹೂಳೆತ್ತುವಿಕೆ ಮುಂತಾದ ಕಾಮಗಾರಿಗಳ ಯೋಜನೆಯನ್ನು ಈ ಸಂಘಗಳ ಮೂಲಕವೇ ಸಿದ್ಧಪಡಿಸಬೇಕೆಂಬುದು ಇದರ ಮುಖ್ಯ ಅಂಶ. ಅಚ್ಚುಕಟ್ಟಿನಲ್ಲಿ ಜಮೀನುಳ್ಳವರಲ್ಲದೆ ಭೂರಹಿತರು, ಮಹಿಳೆಯರು, ಮೀನುಗಾರರು, ದನ ಕುರಿ ಸಾಕುವವರು ಸಹ ಕೆರೆಯ ಬಳಕೆದಾರರೆಂದು ಪರಿಗಣಿತರಾದರು.

ಅನುಭವವು ಎಲ್ಲೆಡೆ ಒಂದೇ ರೀತಿಯದಾಗಿರಲಿಲ್ಲ. ಕೆಲವೆಡೆ ರೈತರು ತಾವೇ ಟ್ರಾಕ್ಟರ್ ತಂದು ಹೂಳನ್ನು ಹೊಲಕ್ಕೆ ಸಾಗಿಸಿದರು. ಕೆಮ್ಮಣ್ಣಿನ ಹೊಲಗಳಿಗೆ ಕೆರೆಗೋಡು ತೇವಾಂಶ ಹಿಡಿದಿಡುವ ಉತ್ತಮ ಗೊಬ್ಬರವೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಮಗಾರಿ ಮುಗಿದೊಡನೆ ಸಭೆ ಸೇರುವುದನ್ನೇ ನಿಲ್ಲಿಸಿದ ಸಂಘಗಳೂ ಉಂಟು. ಹಣ ಬರುವವರೆಗೆ ಮಾತ್ರ ಉಳಿಯುವ ಸಂಘದಿಂದ ಕೆರೆ ಉಳಿಯದು.

ಭಿನ್ನ ಅಗತ್ಯಗಳ ಹೊಂದಾಣಿಕೆ

ಕೆರೆಯ ವಿಷಯದಲ್ಲಿ ಗ್ರಾಮಸ್ಥರೆಲ್ಲರ ಹಿತ ಒಂದೇ ಎಂದು ಭಾವಿಸಿ ಸಂಘ ರಚಿಸಿದಲ್ಲಿ ಮೊದಲ ಬೇಸಿಗೆಯಲ್ಲಿಯೇ ವಿವಾದ ತಲೆದೋರುತ್ತದೆ. ಭತ್ತ ಬೆಳೆಯುವ ರೈತನು ಕೊನೆಯ ನೀರಿಗಾಗಿ ತೂಬು ತೆರೆಯಬೇಕೆನ್ನುತ್ತಾನೆ. ಮೀನುಗಾರಿಕೆಯ ಗುತ್ತಿಗೆ ಪಡೆದವರಿಗೆ ಮೀನು ಬಲಿಯುವವರೆಗೆ ಕೆರೆಯಲ್ಲಿ ನೀರು ನಿಲ್ಲಬೇಕು. ಕೊಳವೆಬಾವಿಯುಳ್ಳವರಿಗೆ ನೀರು ಹರಿದುಹೋಗುವುದಕ್ಕಿಂತ ಇಂಗುವುದೇ ಲಾಭದಾಯಕ. ಕಾಲುವೆಯ ತುದಿಯಲ್ಲಿರುವ ರೈತನಿಗೆ ತೂಬು ತೆರೆದರೂ ನೀರು ತಲುಪುವ ಖಾತರಿಯಿಲ್ಲ. ಕೊಳವೆಬಾವಿ ತೆಗೆಸಲು ಶಕ್ತಿಯಿಲ್ಲದ ಸಣ್ಣ ಹಿಡುವಳಿದಾರನಿಗೆ ತೂಬು ಮುಚ್ಚುವುದೆಂದರೆ ಬೆಳೆಯನ್ನೇ ಬಿಡುವುದು. ಕೋಲಾರ ಭಾಗದ ಅನೇಕ ಕೆರೆಗಳು ಇಂದು ಕೇವಲ ಇಂಗು ಕೆರೆಗಳಾಗಿರುವಾಗ ಈ ಪ್ರಶ್ನೆ ಗಂಭೀರವಾದುದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಆ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದ್ದು, ಅದರ ಉದ್ದೇಶವೂ ಅಂತರ್ಜಲ ಮರುಪೂರಣವೇ ಆಗಿದೆ.

ಇಂತಹ ವಿಷಯಗಳಲ್ಲಿ ಇಲಾಖೆಯ ಅಭಿಯಂತರರು ಕೆರೆಯಲ್ಲಿರುವ ನೀರಿನ ಪ್ರಮಾಣವನ್ನು ತಿಳಿಸಬಹುದು. ಅದನ್ನು ಯಾರಿಗೆ ಎಷ್ಟೆಂದು ಹಂಚಬೇಕೆಂಬ ಒಪ್ಪಂದ ಗ್ರಾಮದಲ್ಲಿಯೇ ಆಗಬೇಕು. ಕೆರೆ ತುಂಬಿದ ಕೂಡಲೇ, ಬಿತ್ತನೆಗೆ ಮುನ್ನ, ಸಭೆ ಸೇರಿ ಎಷ್ಟು ಎಕರೆಗೆ ನೀರು, ಯಾವ ಬೆಳೆಗೆ, ಜಾನುವಾರುಗಳಿಗಾಗಿ ಎಷ್ಟು ಉಳಿಸಬೇಕು ಎಂಬುದನ್ನು ನಿರ್ಧರಿಸಿ ನಡಾವಳಿ ಪುಸ್ತಕದಲ್ಲಿ ದಾಖಲಿಸುವುದು ಸೂಕ್ತ. ಬೆಳೆ ಒಣಗುವಾಗ ಕರೆಯುವ ಸಭೆಯಲ್ಲಿ ಒಮ್ಮತ ಮೂಡುವುದು ಕಷ್ಟ. ಮಹಿಳೆಯರ ಹೆಸರು ಸದಸ್ಯತ್ವದ ಪಟ್ಟಿಯಲ್ಲಿದ್ದರೆ ಸಾಲದು. ಅವರು ಬರಬಹುದಾದ ವೇಳೆಯಲ್ಲಿ, ಎಲ್ಲ ಕೇರಿಯವರೂ ಅಳುಕಿಲ್ಲದೆ ಬಂದು ಕೂರಬಹುದಾದ ಸ್ಥಳದಲ್ಲಿ ಸಭೆ ನಡೆಯಬೇಕು.

ಅರ್ಜಿದಾರರ ಗಮನಕ್ಕೆ

ಕೆರೆಯ ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಹೆಚ್ಚಿದ್ದು 2,000 ಹೆಕ್ಟೇರ್ ಮೀರದಿದ್ದಲ್ಲಿ ಅದು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯ ವ್ಯಾಪ್ತಿಗೆ ಬರುತ್ತದೆ. ಅದಕ್ಕಿಂತ ಚಿಕ್ಕ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಅಧೀನದಲ್ಲಿವೆ. ಈ ವ್ಯತ್ಯಾಸ ತಿಳಿಯದೆ ಸಲ್ಲಿಸಿದ ಮನವಿಗಳು ಕಚೇರಿಯಿಂದ ಕಚೇರಿಗೆ ವರ್ಗಾವಣೆಯಾಗುತ್ತ ಒಂದು ಮಳೆಗಾಲವೇ ಕಳೆದುಹೋಗಬಹುದು. ಮನವಿಯಲ್ಲಿ ಗ್ರಾಮ, ಹೋಬಳಿ, ತಾಲ್ಲೂಕು ಹಾಗೂ ಕೆರೆಯ ಸರ್ವೆ ನಂಬರ್ ನಮೂದಿಸಿ, ಪಹಣಿ ಮತ್ತು ಗ್ರಾಮ ನಕಾಶೆಯ ಪ್ರತಿಗಳನ್ನು ಲಗತ್ತಿಸುವುದು ಒಳಿತು. ಗ್ರಾಮ ಸಭೆಯ ನಿರ್ಣಯವಿದ್ದಲ್ಲಿ ಬೇಡಿಕೆ ಸಮುದಾಯದ್ದೆಂಬುದಕ್ಕೆ ಅದೇ ಆಧಾರ.

ಒತ್ತುವರಿಯ ದೂರಿನ ವಿಷಯದಲ್ಲಿ ಮೊದಲು ಆಗಬೇಕಾದುದು ಅಳತೆ. ಅಳತೆಯಾಗಿ ಗಡಿ ಗುರುತಿಸದ ಹೊರತು ತೆರವು ಕಾರ್ಯ ನಿಲ್ಲುವುದಿಲ್ಲ. ಆದ್ದರಿಂದ ತಹಶೀಲ್ದಾರರಿಗೆ ಸಲ್ಲಿಸುವ ದೂರಿನಲ್ಲಿಯೇ ಅಳತೆಗೂ ಕೋರಬೇಕು. ಕೆರೆಗಳ ಸಂರಕ್ಷಣೆಗಾಗಿ 2014ರಲ್ಲಿ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮವನ್ನು ರಚಿಸಲಾಗಿದೆ. ಒತ್ತುವರಿದಾರರು ಅದೇ ಗ್ರಾಮದವರಾಗಿರುವುದರಿಂದ ದೂರು ನೀಡಲು ಒಬ್ಬಿಬ್ಬರು ಹಿಂಜರಿಯುವುದು ಸಹಜ. ಸಂಘದ ಹೆಸರಿನಲ್ಲಿ ಸಲ್ಲಿಸಿದ ದೂರಿನಲ್ಲಿ ಆ ಭಾರ ಯಾರೊಬ್ಬರ ಮೇಲೂ ಬೀಳುವುದಿಲ್ಲ. ಸಂಘಕ್ಕೆ ಒತ್ತುವರಿಯನ್ನು ತಾನೇ ತೆರವುಗೊಳಿಸುವ ಅಥವಾ ಕೆರೆಯಂಗಳವನ್ನು ಯಾರಿಗಾದರೂ ವಹಿಸಿಕೊಡುವ ಅಧಿಕಾರವಿರುವುದಿಲ್ಲ.