ನೌಗಾಂವಿನ ಗಾಂಜಾ ಕಣ

ಹಸಿ ಆರದ ಹುಲ್ಲನ್ನು ಅವಸರದಿಂದ ಬಣವೆಯೊಟ್ಟಿದ ರೈತನು ಕೆಲವು ದಿನಗಳ ತರುವಾಯ ಅದರೊಳಗೆ ಕೈಯಿಟ್ಟರೆ ಬೆಚ್ಚಿ ಹಿಂದೆಗೆಯುತ್ತಾನೆ. ಹೊರಗೆ ಮಾಗಿಯ ಚಳಿ. ಒಳಗೆ ಜ್ವರ ಬಂದ ಮೈಯ ಕಾವು. ಬೆಂಕಿಯಿಲ್ಲದೆ ಹುಟ್ಟುವ ಈ ಕಾವು ಹುಲ್ಲಿಗೆ ಕೇಡು. ಹೊಗೆಸೊಪ್ಪಿಗಾದರೋ ಅದೇ ಸಂಸ್ಕಾರ. ಒಣಗಿದ ಎಲೆಯನ್ನು ಒತ್ತಾಗಿ ಪೇರಿಸಿ, ಕಾವೇರಿದಾಗ ಮಗುಚಿ, ಮತ್ತೆ ಪೇರಿಸಿದಾಗಲೇ ಅದರ ಒರಟು ಘಾಟು ತಗ್ಗಿ ಪರಿಮಳ ಕೂಡುತ್ತದೆ. ಇದೇ ಕಾವನ್ನು ಗಾಂಜಾ ಹೂಗೊಂಚಲಿನಲ್ಲಿ ಬರಿಗಾಲಿನಿಂದ ಎಬ್ಬಿಸಿ, ಬರಿಗಾಲಿನಿಂದಲೇ ಹತೋಟಿಯಲ್ಲಿಟ್ಟ ಜನರು ಹಿಂದೆ ಬಂಗಾಲದ ಒಂದು ಸೀಮೆಯಲ್ಲಿದ್ದರು.

ಆ ಸೀಮೆಯ ಕೇಂದ್ರ ನೌಗಾಂವ್. ಇಂದು ಅದು ಬಾಂಗ್ಲಾದೇಶದ ಒಂದು ಜಿಲ್ಲೆಯ ಮುಖ್ಯ ಪಟ್ಟಣ. ಇಂಗ್ಲಿಷರ ಕಾಲದಲ್ಲಿ ರಾಜಶಾಹಿ, ದಿನಾಜಪುರ, ಬೋಗ್ರಾ ಜಿಲ್ಲೆಗಳು ಕೂಡುವೆಡೆಯ ಈ ನೆಲಕ್ಕೆ ‘ಗಾಂಜಾ ಮಹಲ್’ ಎಂದೇ ಹೆಸರು. ಇಲ್ಲಿನ ರೈತನು ಪರವಾನಗಿಯಿಲ್ಲದೆ ಈ ಬೆಳೆಯನ್ನಿಡುವಂತಿರಲಿಲ್ಲ. ಸಿದ್ಧವಾದ ಸರಕು ನೌಗಾಂವಿನ ಉಗ್ರಾಣಗಳನ್ನು ಸೇರಿ, ತೂಕವಾದ ಬಳಿಕ ಹೊರಗೆ ಹೊರಡುತ್ತಿತ್ತು. ಸರಕಾರಕ್ಕೆ ವರಮಾನ ತರುವ ವಸ್ತುವಿನ ವಿವರ ಸರಕಾರಕ್ಕೆ ಬೇಕು. ಆದುದರಿಂದಲೇ ಈ ಕಸುಬಿನ ಚಿತ್ರ ನಮಗೆ ಉಳಿದಿದೆ. 1877ರಲ್ಲಿ ಡೆಪ್ಯುಟಿ ಕಲೆಕ್ಟರ್ ಹೇಮಚಂದ್ರ ಕರ್ ಅವರು ಒಂದು ವರದಿ ಬರೆದರು. 1893ರಲ್ಲಿ ಸಸ್ಯಶಾಸ್ತ್ರಜ್ಞ ಡೇವಿಡ್ ಪ್ರೇನ್ ಇನ್ನೊಂದನ್ನು ಬರೆದರು. ಅದೇ ವರ್ಷ ನೇಮಕವಾದ ಹೆಂಪ್ ಡ್ರಗ್ಸ್ ಆಯೋಗವು ಮ್ಯಾಕ್‌ವರ್ತ್ ಯಂಗ್ ಅವರ ಅಧ್ಯಕ್ಷತೆಯಲ್ಲಿ ಇಂಡಿಯಾದ ಉದ್ದಗಲಕ್ಕೆ 1,193 ಸಾಕ್ಷಿಗಳನ್ನು ವಿಚಾರಿಸಿ ಏಳು ಸಂಪುಟಗಳನ್ನು ಹೊರತಂದಿತು. ಮಿತವಾದ ಬಳಕೆಯಿಂದ ಹೆಚ್ಚಿನ ಕೇಡಿಲ್ಲ, ಅತಿಯಾದುದರಿಂದ ಕೇಡುಂಟು, ಪೂರ್ಣ ನಿಷೇಧಕ್ಕಿಂತ ಸುಂಕ ಮತ್ತು ನಿಯಂತ್ರಣಗಳೇ ಲೇಸು ಎಂಬುದು ಅದರ ತೀರ್ಮಾನ.

ಹದದ ಕೆಲಸ ಹೊಲದಲ್ಲಿಯೇ ಆರಂಭವಾಗುತ್ತಿತ್ತು. ಮಳೆಗಾಲದಲ್ಲಿ ಮಡಿಯಲ್ಲಿ ಬೆಳೆಸಿದ ಸಸಿಗಳನ್ನು ಕಿತ್ತು ಸಾಲಾಗಿ ನೆಟ್ಟು, ಕೆಳಗಿನ ರೆಂಬೆಗಳನ್ನು ಸವರುವರು. ಹೂವಿನ ಹೊತ್ತಿಗೆ ‘ಪೋದ್ದಾರ’ನೆಂಬ ನಿಪುಣನು ಬರುವನು, ಇಂಗ್ಲಿಷರು ಅವನನ್ನು ಗಾಂಜಾ ವೈದ್ಯನೆಂದೇ ಕರೆದರು. ಸಾಲು ಸಾಲಾಗಿ ನಡೆದು ಗಂಡು ಗಿಡಗಳನ್ನು ಗುರುತಿಸಿ ಕೀಳಿಸುವುದು ಅವನ ವೃತ್ತಿ. ಗಂಡಿನ ಪರಾಗ ಸೋಕಿದರೆ ಹೆಣ್ಣು ಹೂವು ಬೀಜ ಕಟ್ಟುತ್ತದೆ. ಸೋಕದಿದ್ದರೆ ಹೂವಿನ ಮೇಲೆ ಹೂವು ತಳೆದು ಅಂಟು ಸುರಿಸುತ್ತದೆ. ಆ ಅಂಟೇ ಸರಕಿನ ಜೀವ.

ಚಳಿಗಾಲ ಮುಗಿಯುತ್ತ ಬಂದಂತೆ ಕೊಯ್ಲು. ಕೊಯ್ದ ಗಿಡಗಳನ್ನು ಕಣಕ್ಕೆ ತಂದು ಹಗಲು ಬಿಸಿಲಿಗೆ ಹರಡಿ ಬಾಡಿಸುವರು. ಹೂವಿಲ್ಲದ ಕಡ್ಡಿಯನ್ನು ಕಡಿದು ಬಿಸುಟು, ಉಳಿದುದನ್ನು ರಾತ್ರಿ ಇಬ್ಬನಿಗೆ ಬಿಡುವರು. ಬಿಸಿಲು ಒಣಗಿಸಿದ್ದನ್ನು ಇಬ್ಬನಿ ಮತ್ತೆ ಮೆತ್ತಗೆ ಮಾಡುವುದು. ಪೂರ್ತಿ ಒಣಗಿದ ಹೂವು ತುಳಿದರೆ ಪುಡಿಯಾದೀತು. ಪೂರ್ತಿ ಹಸಿಯಾದುದು ಕೊಳೆತೀತು. ಈ ಎರಡರ ನಡುವಣ ಹದವನ್ನು ಬೆರಳಿಗೆ ತಾಗುವ ಅಂಟಿನಿಂದ ತಿಳಿಯಬೇಕು.

ಬಳಿಕ ತುಳಿತ. ಚಪ್ಪಟೆ ಗಾಂಜಾಕ್ಕೆಂದು ಗೊಂಚಲುಗಳ ತುದಿಗಳನ್ನು ಒಳಮುಖವಾಗಿಟ್ಟು ವೃತ್ತಾಕಾರದಲ್ಲಿ ಜೋಡಿಸುವರು. ಆಳುಗಳು ಒಬ್ಬರನ್ನೊಬ್ಬರು ಆತುಕೊಂಡು ಅದರ ಮೇಲೆ ಸುತ್ತುತ್ತ ತುಳಿಯುವರು. ಒಂದು ವರಸೆ ಒತ್ತಿದ ಮೇಲೆ ಅದರ ಮೇಲೊಂದು. ರಾಶಿಯ ಮೇಲೆ ಚಾಪೆ ಹೊದಿಸಿ ಕುಳಿತು ಅದುಮುವುದೂ ಉಂಟು. ಆಗ ಒಳಗೆ ಕಾವು ಹುಟ್ಟುತ್ತದೆ. ಕಾವೇರಿದ ರಾಶಿಯನ್ನು ಬಿಚ್ಚಿ, ಕೊಡವಿ, ಗಾಳಿಗೆ ಹರಡಿ, ಮತ್ತೆ ಜೋಡಿಸಿ ತುಳಿಯುವರು. ಉರುಟು ಗಾಂಜಾದ ರೀತಿಯೇ ಬೇರೆ: ಅಡ್ಡಲಾಗಿ ಕಟ್ಟಿದ ಬಿದಿರನ್ನು ಕೈಯಲ್ಲಿ ಹಿಡಿದು ನಿಂತು, ಗೊಂಚಲುಗಳನ್ನು ಅಂಗಾಲಿನ ಕೆಳಗೆ ಹೊರಳಿಸಿ ಹೊರಳಿಸಿ ದುಂಡಗೆ ಮಾಡುವುದು. ಈ ಕೆಲಸಗಳಲ್ಲಿ ಉದುರಿದ ಚೂರುಗಳಿಗೆ ‘ಚೂರ್’ ಎಂದೇ ಹೆಸರು. ಅದೂ ಬೆಲೆಯುಳ್ಳ ಸರಕೇ.

ಈ ತುಳಿತದ ಅರ್ಥವನ್ನು ಇಂದಿನ ವಿಜ್ಞಾನವು ಬಿಡಿಸಿ ಹೇಳಬಲ್ಲುದು. ಒತ್ತಿದ ರಾಶಿಯಲ್ಲಿ ತೇವವೂ ಕಾವೂ ಕೂಡಿದಾಗ ಎಲೆಯೊಳಗಿನ ಕಿಣ್ವಗಳೂ ಸೂಕ್ಷ್ಮಜೀವಿಗಳೂ ಸಕ್ಕರೆ ಪಿಷ್ಟಗಳನ್ನು ಕರಗಿಸುತ್ತವೆ. ಹಸುರು ಕಂದಿ ಕಂದಾಗುತ್ತದೆ. ಹೊಗೆಯ ಒರಟು ತಗ್ಗುತ್ತದೆ. ಗಡುವು ಮೀರಿದರೆ ಅದೇ ಕ್ರಿಯೆ ಬೂಷ್ಟಿನಲ್ಲಿ ಮುಗಿಯುತ್ತದೆ. ಅಮಲಿಗೆ ಕಾರಣವಾದ ವಸ್ತುವಿನ ರಚನೆಯನ್ನು ಇಸ್ರೇಲಿನಲ್ಲಿ ಗಾವೊನಿ ಮತ್ತು ಮೆಚೌಲಮ್ ಅವರು ಬಿಡಿಸಿದ್ದು 1964ರಲ್ಲಿ. ಕಣದ ಆಳಿಗೆ ಆ ಹೆಸರು ಗೊತ್ತಿರಲಿಲ್ಲ. ಯಾವ ಗಳಿಗೆಯಲ್ಲಿ ರಾಶಿಯನ್ನು ಬಿಚ್ಚಬೇಕೆಂಬುದು ಅವನ ಅಂಗಾಲಿಗೆ ಗೊತ್ತಿತ್ತು.

1917ರಲ್ಲಿ ಬೆಳೆಗಾರರು ತಮ್ಮದೇ ಸಹಕಾರ ಸಂಘವನ್ನು ಕಟ್ಟಿಕೊಂಡರು. ಅಮಲಿನ ಬೆಳೆಯ ಹಣದಲ್ಲಿ ಶಾಲೆಗಳೂ ಔಷಧಾಲಯಗಳೂ ನಡೆದುವೆಂಬುದು ವಿಚಿತ್ರವೆನಿಸಿದರೂ ನಿಜ. ಆದರೆ ಕಾಲ ತಿರುಗಿತು. ಮಾದಕ ವಸ್ತುಗಳನ್ನು ಕುರಿತ 1961ರ ಅಂತರರಾಷ್ಟ್ರೀಯ ಒಪ್ಪಂದವು ಗಾಂಜಾದ ರೂಢಿಗತ ಬಳಕೆಗೆ ಇಪ್ಪತ್ತೈದು ವರ್ಷಗಳ ಗಡುವು ವಿಧಿಸಿತು. ಭಾರತದಲ್ಲಿ 1985ರ ಕಾಯಿದೆ ಬಂದಿತು. ನೌಗಾಂವಿನ ಬೇಸಾಯ 1987ರಲ್ಲಿ ನಿಂತಿತು.

ಅದು ನಿಂತುದಕ್ಕಾಗಿ ಮರುಗಬೇಕೆಂಬುದು ಈ ಲೇಖನದ ಉದ್ದೇಶವಲ್ಲ. ಚಿಲುಮೆಗೆ ಮಗನನ್ನು ಒಪ್ಪಿಸಿದ ತಾಯಿಯ ಮುಂದೆ ನಿಂತು ಕಸುಬಿನ ಸೊಗಸನ್ನು ಹೊಗಳುವವನು ಮನುಷ್ಯನಲ್ಲ. ಆದರೂ ಇನ್ನೊಂದು ಲೆಕ್ಕ ಉಳಿದೇ ಇದೆ. ತಲೆಮಾರುಗಳ ಕಾಲ ಸರಕಾರಗಳು ಈ ಬೆಳೆಯ ತೂಕವನ್ನೂ ಸುಂಕವನ್ನೂ ಬರೆದಿಟ್ಟವು. ತುಳಿಯುವ ಕಾಲಿನ ಚಲನೆಯನ್ನು ಕೂಡ ಬರೆದಿಟ್ಟವು. ಕಸುಬು ಅಪರಾಧವಾದ ದಿನ, ಸುಂಕವನ್ನುಂಡವರ ಮೇಲೆ ಕಳಂಕ ಬರಲಿಲ್ಲ. ತುಳಿದವರ ಕಾಲಿಗೆ ಮಾತ್ರ ಅದು ಅಂಟಿಕೊಂಡಿತು. ಬರೆದುದೆಲ್ಲ ಏಳು ಸಂಪುಟಗಳಲ್ಲಿ ಭದ್ರವಾಗಿದೆ. ಬಿಚ್ಚುವ ಗಳಿಗೆಯ ಅರಿವು ಯಾವ ಸಂಪುಟದಲ್ಲಿಯೂ ಇಲ್ಲ. ಅದು ಕಣದಲ್ಲಿತ್ತು, ಕಣದೊಡನೆಯೇ ಹೋಯಿತು.