ಶಾಸನಚ್ಛಾಯಾಚಿತ್ರಗಳ ವ್ಯಂಜಕದ್ರವವೂ ಪ್ರತಿನಿಧಿವಿಚಾರವೂ

ಕಡೂರು ತರೀಕೆರೆ ಸೀಮೆಗಳ ಶಾಸನಗಳನ್ನು ಬಿ. ಎಲ್. ರೈಸರವರು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟದಲ್ಲಿ 1901ರಷ್ಟು ಹಿಂದೆಯೇ ಅಚ್ಚುಹಾಕಿಸಿದುದು ವಿದ್ವಾಂಸರಿಗೆ ವಿದಿತವಾದ ವಿಷಯವೇ ಸರಿ. ಆಗ ಈ ಪ್ರಾಂತಕ್ಕೆಲ್ಲ ಕಡೂರು ಜಿಲ್ಲೆಯೆಂದೇ ಹೆಸರು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರವು ಆಗ ತರೀಕೆರೆಗೆ ಸೇರಿದ್ದಿತು. ಅಚ್ಚಾದ ಪಾಠವನ್ನು ಮತ್ತೆ ಕಲ್ಲಿನೊಡನೆ ಹೋಲಿಸಿ ನೋಡುವ ಕಾರ್ಯವಾದರೋ ಇನ್ನೂ ಮುಗಿದಿಲ್ಲ. ಈ ಕಾರ್ಯಕ್ಕಾಗಿ ಸುಮಾರು ಮೂವತ್ತು ವರ್ಷಗಳಿಂದ ನಾನು ಕಪ್ಪು-ಬಿಳುಪಿನ ಫಿಲ್ಮಿನಲ್ಲಿ ಚಿತ್ರಗಳನ್ನು ತೆಗೆಯುತ್ತ ಬಂದಿದ್ದೇನೆ. ಡಿಜಿಟಲ್ ಕ್ಯಾಮೆರಾ ಇರುವಾಗ ಇದೇಕೆಂದು ಕೇಳುವವರುಂಟು. ಹಳೆಯ ನೆಗೆಟಿವಿನೊಡನೆ ಹೊಸ ನೆಗೆಟಿವನ್ನಿಟ್ಟು, ನಡುವಣ ಕಾಲದಲ್ಲಿ ಕಲ್ಲು ಎಷ್ಟು ಸವೆಯಿತೆಂಬುದನ್ನು ಅಳೆಯಬೇಕಾದರೆ ಎರಡೂ ಒಂದೇ ವಿಧಾನದಿಂದ ಸಿದ್ಧವಾಗಿರಬೇಕೆಂಬುದೇ ನನ್ನ ಉತ್ತರ.

ಬೆಳಕು ತಗುಲಿದ ಫಿಲ್ಮಿನಲ್ಲಿ ಚಿತ್ರವು ಇದ್ದೂ ಕಾಣದು. ಅದನ್ನು ಕಾಣುವಂತೆ ಮಾಡುವ ದ್ರವವೇ ಡೆವಲಪರು. ಇಲ್ಲದುದನ್ನು ಇದು ಹುಟ್ಟಿಸುವುದಿಲ್ಲ, ಇರುವುದನ್ನು ತೋರಿಸುತ್ತದೆ. ಆದಕಾರಣ ಇದನ್ನು ವ್ಯಂಜಕವೆಂದು ಕರೆದರೆ ಆಲಂಕಾರಿಕರು ಮುನಿಯಲಾರರೆಂದು ನಂಬಿದ್ದೇನೆ. ಸವೆದ ಕಲ್ಲಿನಲ್ಲಿ ಅಕ್ಷರಕ್ಕೂ ಬಯಲಿಗೂ ಇರುವ ಭೇದವು ಅತ್ಯಲ್ಪ. ಆ ಭೇದವನ್ನು ಎತ್ತಿ ತೋರಿಸಲು ಕೊಡಕ್ ಸಂಸ್ಥೆಯ ಡಿ-19 ಎಂಬ ಪುಡಿಯನ್ನು ಬಳಸುತ್ತಿದ್ದೆನು. ಆ ಸಿದ್ಧಪುಡಿಯ ತಯಾರಿಕೆ ನಿಂತುಹೋಯಿತು. 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾಗಿ ‘ಇಂದು’ ಎಂಬ ಹೆಸರಿನ ಫಿಲ್ಮನ್ನು ನಮಗೆ ಒದಗಿಸುತ್ತಿದ್ದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯೂ ಮುಚ್ಚಿತು.

ಇಂತಿರಲು ನನಗೆ ಸ್ಮರಣೆಗೆ ಬಂದದ್ದು ಪಾಠಶಾಲೆಯಲ್ಲಿ ಓದಿದ ಪೂರ್ವಮೀಮಾಂಸೆ. ಜೈಮಿನಿಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಪ್ರತಿನಿಧಿವಿಚಾರವು ಬರುತ್ತದೆ. ವ್ರೀಹಿಯು ದೊರೆಯದಿದ್ದರೆ ಯಾಗವನ್ನು ಬಿಡಬೇಕಾಗಿಲ್ಲ. ಅದಕ್ಕೆ ಸದೃಶವಾದ ನೀವಾರವನ್ನು ತರಬಹುದು. ದ್ರವ್ಯಕ್ಕೆ ಪ್ರತಿನಿಧಿಯುಂಟು, ದೇವತೆ, ಮಂತ್ರ, ಕ್ರಿಯೆಗಳಿಗೆ ಇಲ್ಲ. ಪ್ರತಿನಿಧಿಯೂ ಕೆಟ್ಟುಹೋದ ಪಕ್ಷದಲ್ಲಿ ಆ ಪ್ರತಿನಿಧಿಯನ್ನು ಹೋಲುವುದನ್ನಲ್ಲ, ಮೂಲದ್ರವ್ಯವನ್ನೇ ಹೋಲುವುದನ್ನು ಹುಡುಕಬೇಕು. ಈ ಕಡೆಯ ನಿಯಮವು ನನ್ನ ಕೆಲಸಕ್ಕೆ ಬಹಳವಾಗಿ ಒದಗಿತು.

ನಿಂತದ್ದು ಪೊಟ್ಟಣವೇ ಹೊರತು ಯೋಗವಲ್ಲ. ಡಿ-19ರ ಪ್ರಮಾಣಗಳು ಬಹುಕಾಲದಿಂದ ಪ್ರಕಟವಾಗಿಯೇ ಇವೆ: ಒಂದು ಲೀಟರ್ ದ್ರವಕ್ಕೆ ಮೆಟಾಲ್ 2 ಗ್ರಾಂ, ನಿರ್ಜಲ ಸೋಡಿಯಂ ಸಲ್ಫೈಟ್ 90 ಗ್ರಾಂ, ಹೈಡ್ರೋಕ್ವಿನೋನ್ 8 ಗ್ರಾಂ, ನಿರ್ಜಲ ಸೋಡಿಯಂ ಕಾರ್ಬೊನೇಟ್ 45 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 5 ಗ್ರಾಂ. ಮೆಟಾಲ್ ಹೈಡ್ರೋಕ್ವಿನೋನ್‌ಗಳೆರಡೂ ವ್ಯಂಜಕಗಳು. ಸಲ್ಫೈಟು ಅವುಗಳನ್ನು ಗಾಳಿಯಿಂದ ಕಾಯುತ್ತದೆ. ಕಾರ್ಬೊನೇಟಿನ ಕ್ಷಾರವು ಅವುಗಳನ್ನು ಪ್ರೇರಿಸುತ್ತದೆ. ಬ್ರೋಮೈಡು ಬೆಳಕು ತಗುಲದ ಎಡೆ ಕಪ್ಪಾಗದಂತೆ ತಡೆಯುತ್ತದೆ. ಕಾರ್ಬೊನೇಟಿಗೆ ಬದಲಾಗಿ 2 ಗ್ರಾಂ ಬಿಳಿಗಾರವನ್ನು ಹಾಕಿ, ಬ್ರೋಮೈಡನ್ನು ಬಿಟ್ಟು, ಸಲ್ಫೈಟನ್ನು 100 ಗ್ರಾಮಿಗೆ ಏರಿಸಿ, ಹೈಡ್ರೋಕ್ವಿನೋನನ್ನು 5 ಗ್ರಾಮಿಗೆ ಇಳಿಸಿದರೆ ಡಿ-76 ಎಂಬ ಸೌಮ್ಯಯೋಗವಾಗುತ್ತದೆ. ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ ಜನ್ನನ ಪದ್ಯಗಳುಳ್ಳ ಶಾಸನಕ್ಕೆ ಇದೇ ಸಾಕು. ಅಲ್ಲಿ ಲಿಪಿ ನಿಚ್ಚಳವಾಗಿದೆ. ಸಂದೇಹ ಬಂದೆಡೆಯಲ್ಲಿ ಛಂದಸ್ಸೂ ಸಾಕ್ಷಿ ನುಡಿಯುತ್ತದೆ. ಬಯಲಲ್ಲಿ ಮಳೆಬಿಸಿಲುಗಳಿಗೆ ಒಡ್ಡಿಕೊಂಡು ನಿಂತ ವೀರಗಲ್ಲುಗಳಿಗೆ ಮಾತ್ರ ಡಿ-19ರಂಥ ಉಗ್ರಯೋಗವೇ ಬೇಕು.

ಬಿಡಿದ್ರವ್ಯಗಳನ್ನು ಕೊಳ್ಳುವಲ್ಲಿ ನಾನು ಮೊದಲು ಎಡವಿದೆನು. ಅಂಗಡಿಯಲ್ಲಿ ದೊರೆತ ಹರಳುಸೋಡವನ್ನು ನಿರ್ಜಲವೆಂದು ತಿಳಿದು 45 ಗ್ರಾಂ ತೂಗಿ ಹಾಕಿದೆ. ನೆಗೆಟಿವುಗಳು ಮಂಜು ಮುಸುಕಿದ ಹಾಗೆ ತೆಳುವಾಗಿ ಬಂದವು. ಹರಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರೇ! ನಿರ್ಜಲ ಕಾರ್ಬೊನೇಟು 45 ಗ್ರಾಂ ಎಂದಿರುವೆಡೆಯಲ್ಲಿ ಹರಳಾದರೆ ಸುಮಾರು 121 ಗ್ರಾಂ ಹಾಕತಕ್ಕದ್ದು. ಸಲ್ಫೈಟಿನ ಹರಳಾದರೆ ಎರಡರಷ್ಟು. ಸಾದೃಶ್ಯವೆಂಬುದು ಹೆಸರಿನದಲ್ಲ, ಸತ್ತ್ವದ್ದೆಂಬುದು ಇದರಿಂದ ನನಗೆ ಮನದಟ್ಟಾಯಿತು. ಬಾವಿಯ ಗಡಸುನೀರಿನಲ್ಲಿ ಬಿಳಿಯ ಒದರು ನಿಲ್ಲುವುದರಿಂದ ಭಟ್ಟಿಯಿಳಿಸಿದ ನೀರನ್ನೇ ಬಳಸುವುದು ಲೇಸು. ಮೆಟಾಲು ಕೆಲವರ ಚರ್ಮಕ್ಕೆ ಆಗದು, ಕೈಗವಸು ಬೇಕು.

ಮೆಟಾಲೇ ದೊರೆಯದಿದ್ದರೆ ಅದರ ಸುಮಾರು ಹತ್ತರಲ್ಲೊಂದು ಪಾಲು ಫೆನಿಡೋನ್ ಎಂಬುದು ಹೈಡ್ರೋಕ್ವಿನೋನಿನೊಡನೆ ಆ ಕೆಲಸವನ್ನು ಮಾಡುತ್ತದೆ. ಆಗ್ಫಾದವರು 1891ರಿಂದ ಮಾರುತ್ತಿದ್ದ ರೋಡಿನಾಲು ಆ ಸಂಸ್ಥೆಯ ಫಿಲ್ಮುಶಾಖೆ 2005ರಲ್ಲಿ ದಿವಾಳಿಯಾದ ಮೇಲೂ ಅಡಾಕ್ಸ್ ಎಂಬ ಬೇರೊಂದು ಸಂಸ್ಥೆಯಿಂದ ಹೊರಬರುತ್ತಿದೆ.

ಇನ್ನು ಕಾಫಿಯ ವಿಚಾರ. ಅಮೆರಿಕದ ರಾಚೆಸ್ಟರ್ ನಗರದ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಸ್ಕಾಟ್ ವಿಲಿಯಮ್ಸ್ ಎಂಬವರೂ ಅವರ ವಿದ್ಯಾರ್ಥಿಗಳೂ 1995ರಲ್ಲಿ ಕಾಫಿಯಿಂದ ಫಿಲ್ಮನ್ನು ತೊಳೆದು ತೋರಿಸಿದರು. ಈಗ ಪ್ರಚಾರದಲ್ಲಿರುವ ಒಂದು ಯೋಗದಲ್ಲಿ ಲೀಟರಿಗೆ ನಿರ್ಜಲ ಸೋಡ 54 ಗ್ರಾಂ, ವಿಟಮಿನ್ ಸಿ 16 ಗ್ರಾಂ, ಇನ್‌ಸ್ಟಂಟ್ ಕಾಫಿಪುಡಿ 40 ಗ್ರಾಂ. ಕಾಲ, 20 ಡಿಗ್ರಿ ಉಷ್ಣದಲ್ಲಿ 15 ನಿಮಿಷ. ಕಾಫಿಯ ನಾಡಿನವನಾದ ನನಗೆ ಇದನ್ನು ನೋಡದೆ ಬಿಡಲು ಮನಸ್ಸಾಗಲಿಲ್ಲ. ಅಜ್ಜಂಪುರದ ಕಡೆಯ ಒಂದು ವೀರಗಲ್ಲಿನ ಚಿತ್ರವನ್ನು ಹೀಗೆ ತೊಳೆದೆನು. ವಾಸನೆಯನ್ನು ಹೇಳತೀರದು, ಚಿತ್ರವೇನೋ ಚೆನ್ನಾಗಿಯೇ ಬಂದಿತು.

ಆದರೆ ಆ ಪ್ರತಿಯಲ್ಲಿ ‘ಅರಸನ’ ಎಂಬುದರ ಮುಂದೆ ಒಂದು ಬಿಂದುವು ಕಂಡಿತು. ಅದರ ಮುಂದಿನ ಕೆಲವು ಅಕ್ಷರಗಳು ಸವೆದಿವೆ; ಆಮೇಲೆ ‘ಇಱಿದು’ ಎಂದಿದೆ. ಬಿಂದುವಿದ್ದರೆ ದ್ವಿತೀಯೆ, ವೀರನು ಅರಸನನ್ನೇ ಇರಿದು ಸತ್ತನು. ಇಲ್ಲದಿದ್ದರೆ ಷಷ್ಠಿ, ಇರಿದದ್ದು ಅರಸನಿಗೆ ಸಂಬಂಧಿಸಿದ ಬೇರೇನನ್ನೋ. ಬರೆಹವು ಗದ್ಯವಾದುದರಿಂದ ಛಂದಸ್ಸಿನ ಸಾಕ್ಷ್ಯವಿಲ್ಲ. ಒಬ್ಬ ಊರಾಳನನ್ನು ರಾಜದ್ರೋಹಿಯೆನ್ನುವುದೋ ಅಲ್ಲವೋ ಎಂಬುದು ಸಾಸಿವೆಯಷ್ಟು ಚುಕ್ಕೆಯ ಮೇಲೆ ನಿಂತಿತು.

ಕಾಫಿಪುಡಿಯನ್ನು ಕದಡಿದಾಗ ನೊರೆಯೇಳುತ್ತದೆ. ಅದು ಅಡಗುವ ಮುನ್ನವೇ ಆತುರದಿಂದ ದ್ರವವನ್ನು ಸುರಿದೆನೆಂಬುದು ಆಮೇಲೆ ನೆನಪಾಯಿತು. ಗಾಳಿಗುಳ್ಳೆಯು ಫಿಲ್ಮಿಗೆ ಅಂಟಿದ ಜಾಗದಲ್ಲಿ ದ್ರವವು ತಾಗದು. ನೆಗೆಟಿವಿನಲ್ಲಿ ಅದು ತಿಳಿಯಾದ ಗುಂಡುಚುಕ್ಕೆ, ಪ್ರತಿಯಲ್ಲಿ ಕರಿಯ ಚುಕ್ಕೆ. ಓರೆಬೆಳಕಿನಲ್ಲಿ ಕೊರೆದ ಅಕ್ಷರವೂ ಕರಿದಾಗಿಯೇ ಕಾಣುವುದರಿಂದ ಇದನ್ನು ಅನುಸ್ವಾರವೆಂದು ಭ್ರಮಿಸುವುದು ಸುಲಭ. ಅದೇ ಕಲ್ಲಿನ ಮತ್ತೊಂದು ಫಿಲ್ಮು ತೊಳೆಯದೆ ಉಳಿದಿದ್ದಿತು. ಈ ಸಲ ಕಾಫಿಯ ದ್ರವವನ್ನು ತಿದ್ದಿ ಸರಿಪಡಿಸಲು ಹೋಗದೆ ಮೂಲಕ್ಕೇ ಮರಳಿದೆನು: ಡಿ-19ನ್ನು ತೂಗಿ ಕಲಸಿ, ಸೀಸೆಯನ್ನು ಒದ್ದೆ ಮರಳಿನ ಗಡಿಗೆಯಲ್ಲಿಟ್ಟು ತಣಿಸಿ, ತೊಟ್ಟಿಯನ್ನು ಮೆಲ್ಲಗೆ ತಟ್ಟಿ ಗುಳ್ಳೆಗಳನ್ನು ಬಿಡಿಸಿ, ಗಡಿಯಾರ ನೋಡಿಕೊಂಡು ತೊಳೆದೆನು. ಕ್ರಿಯೆಗೆ ಪ್ರತಿನಿಧಿಯಿಲ್ಲವಷ್ಟೆ. ಬಿಂದುವು ಕಾಣಲಿಲ್ಲ. ಅಷ್ಟಕ್ಕೇ ನಂಬದೆ ಮಾರನೆಯ ವಾರ ಅಲ್ಲಿಗೇ ಹೋಗಿ, ಸಂಜೆಗತ್ತಲಲ್ಲಿ ದೀಪವನ್ನು ಪಕ್ಕದಿಂದ ಹಿಡಿದು ಬೆರಳಾಡಿಸಿ ನೋಡಿದೆನು. ಆ ಎಡೆಯಲ್ಲಿ ಕಲ್ಲು ನುಣುಪಾಗಿಯೇ ಇದೆ. ಪಾಠವನ್ನು ಷಷ್ಠಿಯೆಂದೇ ಬರೆದುಕೊಂಡು, ಎರಡು ನೆಗೆಟಿವುಗಳ ಲಕೋಟೆಗಳ ಮೇಲೂ ಯಾವುದು ಯಾವ ದ್ರವದಲ್ಲಿ ತೊಳೆದದ್ದೆಂಬುದನ್ನು ಗುರುತುಹಾಕಿ ಇಟ್ಟಿದ್ದೇನೆ.