ನಿಮಗಿದು ಗೊತ್ತೆ? ಇಲಿಯ ಪಂಜರ ಬಿಟ್ಟುಕೊಟ್ಟ ಗುಟ್ಟು

1998ರಲ್ಲಿ ಅಮೆರಿಕದ ಒಹಾಯೊದ ಪ್ರಯೋಗಾಲಯವೊಂದರಲ್ಲಿ, ಯಾವ ಪ್ರಯೋಗಕ್ಕೂ ಒಳಪಡದ ಹೆಣ್ಣಿಲಿಗಳ ಅಂಡಾಣುಗಳಲ್ಲೂ ಏಕಾಏಕಿ ದೋಷ ಹೆಚ್ಚಿತು. ತಳಿವಿಜ್ಞಾನಿ ಪೆಟ್ರೀಷಿಯಾ ಹಂಟ್ ಬೆನ್ನುಹತ್ತಿದಾಗ ಕಾರಣ ಸಿಕ್ಕಿದ್ದು ಪಂಜರಗಳಲ್ಲೇ. ಯಾರೋ ತಪ್ಪಿ ಬಳಸಿದ ಕಟುವಾದ ಮಾರ್ಜಕದಿಂದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಹಾಳಾಗಿ, ಬಿಸ್ಫೆನಾಲ್-ಎ (ಬಿಪಿಎ) ಸೋರುತ್ತಿತ್ತು. ದೇಹದೊಳಗೆ ಈಸ್ಟ್ರೊಜೆನ್ ಹಾರ್ಮೋನಿನ ವೇಷ ತೊಡುವ ರಾಸಾಯನಿಕವಿದು.

ಐರೋಪ್ಯ ಒಕ್ಕೂಟ 2011ರಲ್ಲೇ ಹಸುಗೂಸುಗಳ ಹಾಲಿನ ಬಾಟಲಿಗಳಲ್ಲಿ ಇದನ್ನು ನಿಷೇಧಿಸಿತು.

ಅಡುಗೆಮನೆಯಲ್ಲೂ ಎಚ್ಚರ ಬೇಕು. ಬಿಸಿ ಸಾರು, ಎಣ್ಣೆಯ ಪಲ್ಯಕ್ಕೆ ಸ್ಟೀಲ್ ಡಬ್ಬಿಯೇ ಲೇಸು. ಗೀರುಬಿದ್ದ ಪ್ಲಾಸ್ಟಿಕ್ ಡಬ್ಬಿ ಮೈಕ್ರೋವೇವ್‌ ಒಳಗೆ ಹೋಗಲೇಬಾರದು. ‘ಬಿಪಿಎ ಫ್ರೀ’ ಎಂಬ ಲೇಬಲ್ ನಂಬಿ ನಿಶ್ಚಿಂತರಾಗುವಂತಿಲ್ಲ: ಬದಲಿಗೆ ಬಳಸುವ ಬಿಸ್ಫೆನಾಲ್-ಎಸ್ ಕೂಡ ಹಾರ್ಮೋನುಗಳ ದಾರಿ ತಪ್ಪಿಸಬಲ್ಲದು. ಅಂಗಡಿ ಬಿಲ್ಲಿನ ನುಣುಪು ಥರ್ಮಲ್ ಕಾಗದದಲ್ಲೂ ಇವು ಇರಬಹುದು. ಅದನ್ನು ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ.